ಕೊಪ್ಪರಿಗೆ ಹೊನ್ನಿನ ಕಥೆಯ ಬೆನ್ನು ಹತ್ತುವುದು ಹೇಗೆ: ಊರಿನ ಐತಿಹ್ಯದಿಂದ ಮೆಟಲ್ ಡಿಟೆಕ್ಟರ್‌ವರೆಗೆ

ಕರ್ನಾಟಕದಲ್ಲಿ ನಿಧಿಯ ಕಥೆ ಇಲ್ಲದ ಊರು ಸಿಗುವುದು ಕಷ್ಟ. ಕೆರೆಯೊಳಗೆ ಏಳು ಕೊಪ್ಪರಿಗೆ ಹೊನ್ನು ಸರಪಳಿ ಬಿಗಿದುಕೊಂಡು ಅಮಾವಾಸ್ಯೆ ರಾತ್ರಿ ಸದ್ದು ಮಾಡುತ್ತ ಓಡಾಡುತ್ತದೆ. ಪಾಳೇಗಾರ ಓಡಿಹೋಗುವಾಗ ಬಾವಿಗೆ ಒಡವೆ ಸುರಿದ. ಬೆಟ್ಟದ ಸುರಂಗದ ಬಾಯಲ್ಲಿ ಏಳು ಹೆಡೆಯ ಸರ್ಪ ಕಾವಲಿದೆ. ಇವನ್ನು ಅಕ್ಷರಶಃ ನಂಬಿದವರು ಗುದ್ದಲಿ ಹಿಡಿದು ಪಾಳು ಗುಡಿಯ ಗರ್ಭಗುಡಿ ಅಗೆಯುತ್ತಾರೆ. ಪೂರ್ತಿ ತಳ್ಳಿಹಾಕಿದವರು ಒಂದು ಒಳ್ಳೆಯ ಸುಳಿವನ್ನೇ ಕೈಬಿಡುತ್ತಾರೆ.

ನಿಧಿಯ ಕಥೆ ಚಿನ್ನದ ವಿಳಾಸ ಹೇಳುವುದು ತೀರಾ ಅಪರೂಪ. ಮರೆತುಹೋದ ಜಾಗದ ವಿಳಾಸವನ್ನು ಮಾತ್ರ ಅದು ಮತ್ತೆ ಮತ್ತೆ ಹೇಳುತ್ತದೆ: ಹಾಳುಬಿದ್ದ ಊರು, ನಿಂತುಹೋದ ಸಂತೆ, ಬಳಕೆ ತಪ್ಪಿದ ಬಂಡಿದಾರಿ, ಸುಂಕದ ಕಟ್ಟೆ. ಜನ ನೆರೆದು ಕಾಸು ಕೈ ಬದಲಾಯಿಸಿದ ಜಾಗದಲ್ಲಿ ಕಾಸು ಬಿದ್ದಿರುತ್ತದೆ. ಕಥೆಯನ್ನು ಓದಬೇಕಾದದ್ದು ಆ ಜಾಗಕ್ಕಾಗಿ.

ಇದಕ್ಕೆ ಕೋಲಾರಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. 1802ರಲ್ಲಿ ಮೈಸೂರು ಸೀಮೆಯ ಸರ್ವೆಯಲ್ಲಿದ್ದ ಲೆಫ್ಟಿನೆಂಟ್ ಜಾನ್ ವಾರನ್ ಆ ಕಡೆಯ ನೆಲದಲ್ಲಿ ಚಿನ್ನವಿದೆ ಎಂಬ ಸುದ್ದಿ ಕೇಳಿದ. ತೋರಿಸಿದವರಿಗೆ ಬಹುಮಾನ ಕೊಡುವುದಾಗಿ ಸಾರಿಸಿದ. ಉರಿಗಾಂ ಕಡೆಯವರು ಬಂಡಿಯಲ್ಲಿ ಮಣ್ಣು ಹೇರಿಕೊಂಡು ಬಂದು ಅವನ ಕಣ್ಣೆದುರೇ ತೊಳೆದು ಚಿನ್ನದ ಪುಡಿ ತೋರಿಸಿದರು. ಕೇಳಿದ್ದನ್ನು ಸ್ಥಳದಲ್ಲೇ ಪರೀಕ್ಷೆ ಮಾಡಿದ, ಕಂಡದ್ದನ್ನು ಬರೆದಿಟ್ಟ. ಮುಂದೆ ಗಣಿ ಬಂದದ್ದು ಆ ಬರಹದ ಜಾಡು ಹಿಡಿದೇ. ಕೇಳುವುದು, ಪರೀಕ್ಷಿಸುವುದು, ಬರೆದಿಡುವುದು: ಈ ಮೂರೂ ಇದೇ ಕ್ರಮದಲ್ಲಿ ಆಗಬೇಕು.

ಮೊದಲು ಕಾನೂನು

ಯಂತ್ರ, ಅಂದರೆ ನೆಲದೊಳಗಿನ ಲೋಹ ಪತ್ತೆಹಚ್ಚುವ ಮೆಟಲ್ ಡಿಟೆಕ್ಟರ್, ಕೊಳ್ಳುವ ಮುಂಚೆ ಇದನ್ನು ಓದಿ. ಅದನ್ನು ಹಿಡಿದು ಹುಡುಕುವುದು ಬ್ರಿಟನ್ನಿನಲ್ಲಿ ಬಿಡುವಿನ ಹವ್ಯಾಸವಾಗಿ ಒಪ್ಪಿತ, ಇಲ್ಲಿ ಹಾಗಿಲ್ಲ. ರಾತ್ರಿ ಹೊತ್ತು ಡಿಟೆಕ್ಟರ್ ಹಿಡಿದು ಪಾಳು ಗುಡಿಯ ಹತ್ತಿರ ನಿಂತವರನ್ನು ಊರವರು ನಿಧಿಗಳ್ಳರೆಂದೇ ತಿಳಿಯುತ್ತಾರೆ. ಅದು ಸಹಜವೂ ಹೌದು, ಏಕೆಂದರೆ ಎಷ್ಟೋ ಶಿವಲಿಂಗ, ನಂದಿ, ವೀರಗಲ್ಲುಗಳು ಅಂಥವರ ಕೈಯಲ್ಲೇ ಒಡೆದಿವೆ.

ಕೇಂದ್ರ ಸರ್ಕಾರದ ಸಂರಕ್ಷಿತ ಸ್ಮಾರಕಗಳಿಗೆ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಇದೆ. ಸಂರಕ್ಷಿತ ಎಲ್ಲೆಯಿಂದ 100 ಮೀಟರ್ ನಿಷೇಧಿತ ವಲಯ, ಅದರಾಚೆ ಇನ್ನೂ 200 ಮೀಟರ್ ನಿಯಂತ್ರಿತ ವಲಯ. ರಾಜ್ಯದ ಸ್ಮಾರಕಗಳಿಗೆ 1961ರ ಕಾಯ್ದೆ ಬೇರೆ. ಅರಣ್ಯದೊಳಗೆ ಅನುಮತಿಯಿಲ್ಲದೆ ಹೋಗುವುದು, ಅಗೆಯುವುದು ಅರಣ್ಯ ಕಾನೂನಿನ ಕೆಳಗೆ ಅಪರಾಧ. 1972ರ ಪುರಾತನ ವಸ್ತುಗಳ ಕಾಯ್ದೆಯ ಪ್ರಕಾರ ನೂರು ವರ್ಷ ದಾಟಿದ ನಾಣ್ಯ, ಶಿಲ್ಪ, ಲೋಹದ ಕುಸುರಿ ಕೆಲಸ ‘ಪುರಾತನ ವಸ್ತು’ವಿನ ಲೆಕ್ಕಕ್ಕೆ ಬರುತ್ತವೆ, ಅವನ್ನು ಖಾಸಗಿಯವರು ದೇಶದಾಚೆ ಕಳಿಸುವಂತಿಲ್ಲ, ಪರವಾನಗಿಯಿಲ್ಲದೆ ವ್ಯಾಪಾರ ಮಾಡುವಂತಿಲ್ಲ. ನೆಲದಲ್ಲಿ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ಕರ್ನಾಟಕಕ್ಕೆ 1962ರ ನಿಧಿ ಕಾಯ್ದೆಯೇ ಇದೆ. ಇದಕ್ಕೂ ಹಳೆಯ 1878ರ ಇಂಡಿಯನ್ ಟ್ರೆಷರ್ ಟ್ರೋವ್ ಕಾಯ್ದೆಯಲ್ಲಿ ತಿಳಿಸಲೇಬೇಕಾದ ಮೊತ್ತದ ಮಿತಿ ಬರೀ ಹತ್ತು ರೂಪಾಯಿ. ‘ಚಿಕ್ಕದು, ಲೆಕ್ಕಕ್ಕಿಲ್ಲ’ ಎನ್ನುವ ಮಾತಿಗೆ ಜಾಗವೇ ಇಲ್ಲ.

ಆದ್ದರಿಂದ ಈ ಮಾರ್ಗದರ್ಶಿಯ ಗೆರೆ ಇಷ್ಟು: ನಿಮ್ಮದೇ ಹಿಡುವಳಿ ಜಮೀನು, ಅಥವಾ ಮಾಲೀಕರು ಲಿಖಿತ ಒಪ್ಪಿಗೆ ಕೊಟ್ಟ ಉಳುಮೆಯ ಹೊಲ. ಹಗಲಲ್ಲಿ ಮಾತ್ರ. ಅಗೆತ ನೇಗಿಲು ಹೋಗುವ ಆಳದೊಳಗೆ, ಅಂದರೆ ಸುಮಾರು 15 ಸೆಂಟಿಮೀಟರ್. ಗುಡಿ, ಕೋಟೆ, ಸಮಾಧಿ, ಗೋಮಾಳ, ಕೆರೆ ಅಂಗಳ, ಕಾಡು ಯಾವುದೂ ಬೇಡ. ಯಂತ್ರ ಹೊರಗೆ ತೆಗೆಯುವ ಮುಂಚೆ ಪೊಲೀಸ್ ಠಾಣೆಗೂ ತಹಶೀಲ್ದಾರ್ ಕಚೇರಿಗೂ ಪತ್ರ ಕೊಟ್ಟು ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಅವರು ಬೇಡವೆಂದರೆ ಬೇಡ. ಕಥೆ, ಶಾಸನ, ನಕ್ಷೆಗಳ ಕೆಲಸಕ್ಕೆ ಯಾರ ಅಡ್ಡಿಯೂ ಇಲ್ಲ, ಮುಕ್ಕಾಲು ಪಾಲು ಕೆಲಸ ಇರುವುದೂ ಅಲ್ಲೇ.

ಕಥೆ ಕೂಡಿಸುವುದು

‘ನಿಧಿ ಎಲ್ಲಿದೆ’ ಎಂದು ಕೇಳಿದರೆ ಕೆಲಸ ಅಲ್ಲಿಗೇ ಕೆಟ್ಟಿತು. ಕೇಳಬೇಕಾದದ್ದು ನೆಲದ ಹೆಸರುಗಳನ್ನು. ‘ತಾತ, ಈ ಹೊಲಕ್ಕೆ ಏನಂತ ಕರೀತೀರಿ? ಆ ಹೆಸರು ಯಾಕೆ ಬಂತು?’ ಎಂದು ಶುರುಮಾಡಿ. ಕೋಟೆಹೊಲ, ಸಂತೆಮಾಳ, ಹಾಳೂರು ದಿಬ್ಬ, ಸುಂಕದಕಟ್ಟೆ, ಟಂಕಸಾಲೆ, ಕಮ್ಮಾರಗುಂಡಿ, ತೋಪಿನ ಹೊಲ, ದಂಡಿನ ದಾರಿ ಇಂಥ ಹೆಸರು ಬಂದರೆ ಕಥೆ ತಾನಾಗಿ ಹಿಂದೆ ಬರುತ್ತದೆ. ಕುರಿ ಕಾಯುವವರನ್ನು, ಹೊಲ ಉಳುವವರನ್ನು, ಕೆರೆಯ ನೀರುಗಂಟಿಗಳನ್ನು, ಮದುವೆಯಾಗಿ ಬೇರೆ ಊರಿಗೆ ಹೋದ ಹೆಣ್ಣುಮಕ್ಕಳನ್ನು ಬಿಡದೆ ಕೇಳಿ. ಊರು ಬಿಟ್ಟು ಹೋದವರು ಕಥೆಯನ್ನು ತಾವು ಕೇಳಿದ ಕಾಲದ ರೂಪದಲ್ಲೇ ಉಳಿಸಿಕೊಂಡಿರುತ್ತಾರೆ. ಊರಿನಲ್ಲಿ ಉಳಿದವರ ಬಾಯಲ್ಲಿ ಅದು ಬೆಳೆಯುತ್ತ ಹೋಗುತ್ತದೆ.

ಪ್ರತಿ ಕಥೆಗೂ ಒಂದು ಪುಟ. ಹೇಳಿದವರ ವಯಸ್ಸು, ಅವರಿಗೆ ಯಾರಿಂದ ಬಂತು, ಹೇಳಿದ ದಿನ, ಹೇಳಿದ ಮಾತು ಅವರದೇ ನುಡಿಯಲ್ಲಿ. ಒಂದೇ ಕಥೆಯನ್ನು ಕನಿಷ್ಠ ಐದು ಜನರಿಂದ ಬೇರೆ ಬೇರೆಯಾಗಿ ಕೇಳಿ, ಗುಂಪಿನಲ್ಲಿ ಬೇಡ. ಗುಂಪಿನಲ್ಲಿ ಮೊದಲು ಬಾಯಿ ಬಿಟ್ಟವರದೇ ಕಥೆಯಾಗಿಬಿಡುತ್ತದೆ.

ಕಾಲ ತಿಳಿಯಲು ‘ಎಷ್ಟು ವರ್ಷದ ಹಿಂದೆ’ ಎಂದು ಕೇಳಿ ಪ್ರಯೋಜನವಿಲ್ಲ. ‘ನೂರಾರು ವರ್ಷ’ ಎಂದೇ ಉತ್ತರ ಬರುತ್ತದೆ. ನೆನಪಿನಲ್ಲಿ ಉಳಿದ ಗುರುತು ಹಿಡಿದು ಕೇಳಿ. ಧಾತು ಈಶ್ವರ ಬರಕ್ಕೆ ಮುಂಚೆಯೋ ಆಮೇಲೋ? ಅದು 1876ರಿಂದ 78ರ ಬರ. ಪ್ಲೇಗು ಬಂದಾಗ ಊರು ಎಲ್ಲಿಗೆ ಹೋಗಿತ್ತು? ಬೆಂಗಳೂರಿಗೆ ಪ್ಲೇಗು ಬಂದದ್ದು 1898ರಲ್ಲಿ. ಆಮೇಲೆ ವರ್ಷಗಟ್ಟಲೆ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿ ಬದುಕಿದರು. ಈ ಪ್ಲೇಗಿನ ಗುಡಿಸಲು ಜಾಗಗಳು ಡಿಟೆಕ್ಟರ್‌ಗೆ ಬಹಳ ಒಳ್ಳೆಯವು. ಆತುರದಲ್ಲಿ ಬಂದ ಜನ, ಮಣ್ಣಿನ ನೆಲ, ಕೆಲವೇ ತಿಂಗಳ ವಾಸ, ಆಮೇಲೆ ಮತ್ತೆ ಉಳುಮೆ. ಇವುಗಳಿಗೆ ನಿಧಿಯ ಕಥೆಯೇ ಇರುವುದಿಲ್ಲವಾದ್ದರಿಂದ ಅಲ್ಲಿ ಯಾರೂ ಹುಡುಕಿಯೂ ಇರುವುದಿಲ್ಲ.

ಕಥೆಯನ್ನು ಬಿಡಿಸುವುದು

ಈಗ ಪುಟಗಳನ್ನು ಮುಂದಿಟ್ಟುಕೊಂಡು, ಊರೂರು ತಿರುಗುವ ಸಾಮಾನುಗಳನ್ನು ಒಂದು ಬಣ್ಣದಲ್ಲಿ ಗೆರೆ ಹೊಡೆಯಿರಿ: ಏಳು ಕೊಪ್ಪರಿಗೆ, ಸರ್ಪ ಕಾವಲು, ಚೊಚ್ಚಲ ಮಗನ ಬಲಿ, ಮೈಸೂರಿಗೋ ಶ್ರೀರಂಗಪಟ್ಟಣಕ್ಕೋ ಹೋಗುವ ಸುರಂಗ, ನಾಯಿಯನ್ನು ಅಟ್ಟಿದ ಮೊಲ, ಹುತ್ತದ ಮೇಲೆ ಹಾಲು ಸುರಿಸಿದ ಹಸು. ಇವು ಎಲ್ಲ ಊರಿನವು. ನಿಮ್ಮ ಊರಿನ ಬಗ್ಗೆ ಏನನ್ನೂ ಹೇಳುವುದಿಲ್ಲ. ಇವನ್ನು ತೆಗೆದ ಮೇಲೆ ಉಳಿದದ್ದನ್ನು ಇನ್ನೊಂದು ಬಣ್ಣದಲ್ಲಿ ಗುರುತಿಸಿ: ಒಂದು ಬಾವಿಯ ಹೆಸರು, ಒಂದು ಮನೆತನ, ಬೇರೆಲ್ಲೂ ಕೇಳದ ಒಂದು ದಾರಿ, ಮಳೆಗಾಲದಲ್ಲಿ ಕಾಸು ಸಿಗುತ್ತಿದ್ದ ಹಳ್ಳ. ಕೆಲಸಕ್ಕೆ ಬರುವುದು ಈ ಉಳಿಕೆಯೇ.

ಪುಸ್ತಕದಿಂದ ಊರಿಗೆ ಇಳಿದ ಕಥೆಯನ್ನೂ ಹಿಡಿಯಬೇಕು. 1565ರ ಯುದ್ಧದ ನಂತರ ವಿಜಯನಗರದಿಂದ 550 ಆನೆಗಳ ಮೇಲೆ ಸಂಪತ್ತು ಹೋಯಿತು ಎಂಬ ಸಂಖ್ಯೆ ರಾಬರ್ಟ್ ಸೆವೆಲ್ 1900ರಲ್ಲಿ ಪ್ರಕಟಿಸಿದ ಇತಿಹಾಸದಲ್ಲಿದೆ. ನಿಮ್ಮ ಊರಿನ ಹಿರಿಯರೊಬ್ಬರು ‘ಐನೂರ ಐವತ್ತು ಆನೆ ಈ ದಾರಿಯಲ್ಲೇ ಹೋದವು’ ಎಂದರೆ ಅದು ಅಜ್ಜನಿಂದ ಬಂದದ್ದಲ್ಲ. ಮೇಷ್ಟರಿಂದಲೋ ಪತ್ರಿಕೆಯಿಂದಲೋ ಬಂದದ್ದು. ಸಂಖ್ಯೆ ಅಷ್ಟು ಕರಾರುವಾಕ್ಕಾಗಿದ್ದಷ್ಟೂ ಅನುಮಾನಪಡಿ.

ಆಮೇಲೆ ಈ ನಾಲ್ಕು ಪ್ರಶ್ನೆ. ಹೂತವರು ಯಾರು? ಯಾರಿಗೆ ಹೆದರಿ? ಯಾಕೆ ಮರಳಿ ಬಂದು ತೆಗೆಯಲಿಲ್ಲ? ಗೆದ್ದವರು ಏನು ಮಾಡಿದರು? ಕೊನೆಯದನ್ನು ಬಹಳ ಜನ ಕೇಳುವುದೇ ಇಲ್ಲ. ಕೆಳದಿ ಅರಸರ ಬಿದನೂರು 1763ರಲ್ಲಿ ಹೈದರಾಲಿಯ ಕೈಸೇರಿದಾಗ ಅಲ್ಲಿಯ ಭಂಡಾರ ಅವನ ವಶವಾಯಿತು. ಅವನ ಬೆಳವಣಿಗೆಗೆ ಅದೇ ದೊಡ್ಡ ಬಂಡವಾಳ. ಶ್ರೀರಂಗಪಟ್ಟಣ 1799ರಲ್ಲಿ ಬಿದ್ದಾಗ ಇಂಗ್ಲಿಷರು ಸಮಿತಿ ಕೂರಿಸಿ ಲೂಟಿಯನ್ನು ಲೆಕ್ಕ ಹಾಕಿ ಸೈನ್ಯಕ್ಕೆ ಹಂಚಿದರು. ಅರಮನೆಯ ನಿಧಿ ಇನ್ನೂ ಮಣ್ಣಲ್ಲಿದೆ ಎನ್ನುವ ಕಥೆಗಳಿಗಿಂತ, ದಂಡು ಬಂದಾಗ ಹೆದರಿ ಕಾಸಿನ ಗಂಟು ಹೂತಿಟ್ಟು ಸತ್ತ ಗೌಡನ ಕಥೆ ನೂರು ಪಾಲು ನಂಬಲರ್ಹ.

ದೂರದ ಅಳತೆಗಳು ಬಂದರೆ ಹಳೆಯ ಲೆಕ್ಕದಲ್ಲೇ ಬಿಡಿಸಿ. ಹರದಾರಿ ಎಂದರೆ ಸುಮಾರು ಮೂರು ಮೈಲಿ, ಗಾವುದ ಸುಮಾರು ಹನ್ನೆರಡು. ಮಾರು ಎಂದರೆ ಎರಡು ಕೈ ಚಾಚಿದಷ್ಟು, ಸರಿಸುಮಾರು ಆರು ಅಡಿ. ‘ಅರಳಿಮರದಿಂದ ಮೂಡಣಕ್ಕೆ ಇಪ್ಪತ್ತು ಮಾರು’ ಎಂದರೆ ಮೂವತ್ತಾರು ಮೀಟರ್ ಆಸುಪಾಸು. ‘ಏಳು ಮಾರು’ ಎಂದರೆ ಅದು ಅಳತೆಯಲ್ಲ, ಕಥೆಯ ರೂಢಿ.

ಶಾಸನ: ಇಲ್ಲಿ ಬಹಳ ಜನ ಎಡವುತ್ತಾರೆ

ಊರಿನಲ್ಲಿ ಬರಹದ ಕಲ್ಲಿದ್ದರೆ ಅದರ ಸುತ್ತ ನಿಧಿಯ ಕಥೆ ಇದ್ದೇ ಇರುತ್ತದೆ. ಕಲ್ಲಿನ ಮೇಲೆ ಸೂರ್ಯ, ಚಂದ್ರ, ಲಿಂಗ, ಕರುವಿಗೆ ಹಾಲೂಡುವ ಹಸು, ಕತ್ತಿ. ಇದನ್ನು ನಿಧಿಯ ಗುಪ್ತ ನಕ್ಷೆ ಎಂದು ವ್ಯಾಖ್ಯಾನ ಮಾಡಿ ದುಡ್ಡು ಕೀಳುವವರಿದ್ದಾರೆ. ಸೂರ್ಯಚಂದ್ರ ಎಂದರೆ ‘ಆಚಂದ್ರಾರ್ಕ’, ಸೂರ್ಯಚಂದ್ರರಿರುವವರೆಗೂ ಈ ದತ್ತಿ ನಡೆಯಲಿ ಎಂಬ ಗುರುತು. ಕಲ್ಲಿನ ಅಡಿಯಲ್ಲಿ ಏನೂ ಇಲ್ಲ ಎಂದು ಅದೇ ಹೇಳುತ್ತಿದೆ: ಇದು ದಾನಪತ್ರ.

ಅದಕ್ಕಿಂತ ದೊಡ್ಡ ತಪ್ಪು ಓದಲು ಬರುವವರಿಂದಲೇ ಆಗುತ್ತದೆ. ವಿಜಯನಗರ ಕಾಲದ ದಾನಶಾಸನಗಳಲ್ಲಿ ಈ ಮಾತು ಮತ್ತೆ ಮತ್ತೆ ಬರುತ್ತದೆ: ‘ನಿಧಿ ನಿಕ್ಷೇಪ ಜಲ ಪಾಷಾಣ ಅಕ್ಷೀಣಿ ಆಗಾಮಿ ಸಿದ್ಧ ಸಾಧ್ಯ’. ಮೊದಲ ಎರಡು ಪದ ಕಂಡ ಕೂಡಲೇ ‘ಶಾಸನದಲ್ಲೇ ನಿಧಿ ಎಂದು ಬರೆದಿದೆ’ ಎಂದು ಸುದ್ದಿ ಹಬ್ಬುತ್ತದೆ. ಇದು ಅಷ್ಟಭೋಗ ತೇಜಸ್ವಾಮ್ಯ, ಅಂದರೆ ಜಮೀನು ಪಡೆದವನಿಗೆ ಸಿಗುವ ಎಂಟು ಹಕ್ಕುಗಳ ಪಟ್ಟಿ. ನೆಲದಲ್ಲಿ ಮುಂದೆ ನಿಧಿ ಸಿಕ್ಕರೂ ಅವನದೇ, ಇಟ್ಟ ಗಂಟು, ನೀರು, ಕಲ್ಲು ಎಲ್ಲ ಅವನದೇ ಎಂಬ ಕಾನೂನಿನ ಒಕ್ಕಣೆ. ಇವತ್ತಿನ ಕ್ರಯಪತ್ರದಲ್ಲಿ ‘ಸದರಿ ಸ್ವತ್ತಿನಲ್ಲಿರುವ ಮರಮಾಲ್ಕಿ ಸಮೇತ’ ಎಂದು ಬರೆಯುವ ಹಾಗೆ. ಹಾಗೆ ಬರೆದ ಕ್ರಯಪತ್ರ ಹಿಡಿದು ಯಾರೂ ಇಲ್ಲದ ಮರ ಹುಡುಕುವುದಿಲ್ಲ. ಕೊನೆಯ ಶಾಪವೂ ಅಷ್ಟೇ: ‘ಸ್ವದತ್ತಾಂ ಪರದತ್ತಾಂ ವಾ’ ಎಂದು ಶುರುವಾಗುವ ಶ್ಲೋಕ, ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವ ಬೆದರಿಕೆ, ಎಲ್ಲ ದಾನದ ಭೂಮಿಯನ್ನು ಕಿತ್ತುಕೊಳ್ಳುವವನಿಗೆ. ನಿಧಿಗೂ ಅದಕ್ಕೂ ಸಂಬಂಧವಿಲ್ಲ.

ಹಾಗಾದರೆ ಶಾಸನ ಯಾಕೆ ಬೇಕು? ಅದರಲ್ಲಿ ಚತುಸ್ಸೀಮೆ ಇರುತ್ತದೆ. ಮೂಡಲು ಯಾವ ಕೆರೆ, ತೆಂಕಲು ಯಾವ ಹಳ್ಳ, ಪಡುವಲು ಯಾವ ಊರ ಗಡಿ, ಬಡಗಲು ಯಾವ ಹುತ್ತ, ಯಾವ ಹೆದ್ದಾರಿ. ಇಂದು ಇಲ್ಲದ ಊರು, ಇಲ್ಲದ ದಾರಿ ಆ ಸಾಲುಗಳಲ್ಲಿ ಸಿಗುತ್ತವೆ. ಸಂತೆಯ ಸುಂಕ, ಗಾಣದ ತೆರಿಗೆ, ಅಂಗಡಿ ತೆರಿಗೆಯ ಪ್ರಸ್ತಾಪವಿದ್ದರೆ ಅಲ್ಲಿ ವ್ಯಾಪಾರವಿತ್ತು ಎಂದು ಖಚಿತ.

ಹಳೆಯ ಮೈಸೂರು ಸೀಮೆಗೆ ಶಾಸನಗಳನ್ನು ಅಚ್ಚುಹಾಕಿದ ಎಪಿಗ್ರಾಫಿಯಾ ಕರ್ನಾಟಿಕಾ ಸಂಪುಟಗಳನ್ನು ಹಿಡಿಯಿರಿ. ಬಿ. ಎಲ್. ರೈಸ್ 1886ರಿಂದ ಹೊರತಂದದ್ದು, ಜಿಲ್ಲೆ, ತಾಲ್ಲೂಕಿನ ಪ್ರಕಾರ ಜೋಡಿಸಿದೆ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಮುದ್ರಣ 1972ರಿಂದ ಬಂತು. ಉತ್ತರದ ಜಿಲ್ಲೆಗಳಿಗೆ ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್ ಮಾಲೆಯಲ್ಲಿ ಬೊಂಬಾಯಿ ಕರ್ನಾಟಕದ ಸಂಪುಟಗಳಿವೆ. ನಿಮ್ಮ ಊರಿನ ಹೆಸರನ್ನಷ್ಟೇ ಹುಡುಕಿ ನಿಲ್ಲಬೇಡಿ. ಊರು ಅಗ್ರಹಾರವಾಗಿ ದಾನ ಹೋದಾಗ ‘ಪ್ರತಿನಾಮಧೇಯ’, ಅಂದರೆ ಇನ್ನೊಂದು ಹೆಸರು, ಬರುತ್ತದೆ. ಶಾಸನದಲ್ಲಿ ಯಾವುದೋ ರಾಯಪುರ, ಸಮುದ್ರ, ಜನರ ಬಾಯಲ್ಲಿ ಹಳೆಯ ಹಳ್ಳಿಯ ಹೆಸರೇ. ಸುತ್ತಲಿನ ಐದಾರು ಹಳ್ಳಿಗಳ ಶಾಸನಗಳನ್ನೂ ಓದಿ, ನಿಮ್ಮ ಊರು ಅವರ ಗಡಿಯಾಗಿ ಬಂದಿರಬಹುದು. ಶಕವರ್ಷಕ್ಕೆ 78 ಕೂಡಿಸಿದರೆ ಇಸವಿ. ಶಕ 1487 ಕ್ರೋಧನ ಎಂದರೆ 1565–66. ಸಂವತ್ಸರದ ಹೆಸರು ಮಾತ್ರ ಇದ್ದರೆ ಅರವತ್ತು ವರ್ಷಕ್ಕೊಮ್ಮೆ ಅದೇ ಮರಳುವುದರಿಂದ ಅರಸನ ಹೆಸರಿಲ್ಲದೆ ತೀರ್ಮಾನಿಸಬೇಡಿ.

ಶಾಸನದ ಜೊತೆಗೆ ಎರಡು ಮೂಲ. ಕರ್ನಲ್ ಮೆಕೆಂಜಿಯ ಸರ್ವೆ ಕಾಲದಲ್ಲಿ ಊರ ಶಾನುಭೋಗರಿಂದ, ಹಿರಿಯರಿಂದ ಬರೆಸಿಕೊಂಡ ಕೈಫಿಯತ್ತುಗಳು: ಇವೇ ಇನ್ನೂರು ವರ್ಷದ ಹಿಂದಿನ ಐತಿಹ್ಯ. ನೀವು ಇಂದು ಕೇಳಿದ ಕಥೆ ಅದರಲ್ಲಿಯೂ ಇದ್ದರೆ ಅದರ ತೂಕವೇ ಬೇರೆ. ಇನ್ನೊಂದು 1800–01ರಲ್ಲಿ ಫ್ರಾನ್ಸಿಸ್ ಬುಕಾನನ್ ಮಾಡಿದ ಪ್ರವಾಸದ ದಿನಚರಿ. ದಿನಕ್ಕೊಂದು ಮಜಲು, ಎಷ್ಟು ದೂರ, ಊರಿನಲ್ಲಿ ಎಷ್ಟು ಮನೆ, ಎಲ್ಲಿ ಕಬ್ಬಿಣ ಕರಗಿಸುತ್ತಿದ್ದರು ಎಂದು ಬರೆದಿದ್ದಾನೆ. ಕಬ್ಬಿಣದ ಒಲೆಗಳ ಸುದ್ದಿ ಯಾಕೆ ಮುಖ್ಯ ಎನ್ನುವುದು ಯಂತ್ರದ ಮಾತಿನಲ್ಲಿ ಬರುತ್ತದೆ.

ನಕ್ಷೆ ಮತ್ತು ಕಂದಾಯ ದಾಖಲೆ

ಗ್ರಾಮ ನಕ್ಷೆ ಮೊದಲು. ಕಂದಾಯ ಇಲಾಖೆಯ ಜಾಲತಾಣದಲ್ಲಿ ಸಿಗುತ್ತದೆ. ಸರ್ವೆ ನಂಬರುಗಳ ಜೊತೆಗೆ ಹಳ್ಳ, ಬಂಡಿದಾರಿ, ಕೆರೆ, ಗ್ರಾಮಠಾಣದ (ಊರಿನ ಮನೆಗಳಿರುವ ಜಾಗದ) ಗೆರೆ ನೋಡಿ. ಒಂದು ಊರಿಗೆ ಎರಡು ಗ್ರಾಮಠಾಣದ ಗುರುತಿದ್ದರೆ ಒಂದು ಹಳೆಯದು. ಊರುಗಳ ಪಟ್ಟಿಯಲ್ಲಿ ‘ಬೇಚರಾಕ್’ ಎಂದಿದ್ದರೆ ಜನವಸತಿ ಇಲ್ಲದ, ದಾಖಲೆಯಲ್ಲಿ ಮಾತ್ರ ಉಳಿದ ಗ್ರಾಮ. ನಿಧಿಯ ಕಥೆ ಬೇಚರಾಕ್ ಗ್ರಾಮದ ದಿಕ್ಕಿಗೆ ಬೆರಳು ಮಾಡುತ್ತಿದ್ದರೆ ನೀವು ಸರಿಯಾದ ಜಾಡಿನಲ್ಲಿದ್ದೀರಿ.

ಒಂದು ಸರ್ವೆ ನಂಬರಿಗೆ ಇಳಿದ ಮೇಲೆ ತಾಲ್ಲೂಕು ಸರ್ವೆ ಕಚೇರಿಯಲ್ಲಿ ಅದರ ಟಿಪ್ಪಣಿಯ, ಅಂದರೆ ಅಳತೆ ಬರೆದ ಕೈನಕ್ಷೆಯ, ನಕಲು ಕೇಳಿ. ಹಳೆಯ ಟಿಪ್ಪಣಿಗಳ ಅಳತೆ ಸರಪಳಿ, ಆಣೆಗಳಲ್ಲಿರುತ್ತದೆ: ಒಂದು ಸರಪಳಿ 33 ಅಡಿ, ಅದಕ್ಕೆ 16 ಆಣೆ. 6 ಸರಪಳಿ 8 ಆಣೆ ಎಂದರೆ ಆರೂವರೆ ಸರಪಳಿ, 214.5 ಅಡಿ, ಅಂದರೆ 65 ಮೀಟರ್‌ಗೆ ಸ್ವಲ್ಪ ಹೆಚ್ಚು. ಇದನ್ನು ಮೀಟರ್ ಎಂದು ಓದಿದವರು ಪಕ್ಕದವರ ಹೊಲದಲ್ಲಿ ನಿಂತಿರುತ್ತಾರೆ. ಪಹಣಿಯಲ್ಲಿ ಖರಾಬು ನೋಡಿ: ‘ಅ’ ಖರಾಬು ಸಾಗುವಳಿಗೆ ಬಾರದ ನೆಲ, ‘ಬ’ ಖರಾಬು ದಾರಿ, ಹಳ್ಳದಂಥ ಸಾರ್ವಜನಿಕ ನೆಲ. ‘ಬ’ ಖರಾಬಿಗೆ ಮಾಲೀಕರ ಒಪ್ಪಿಗೆ ನಡೆಯದು, ಅಲ್ಲಿ ಕಾಲಿಡಬೇಡಿ. ಆದರೆ ಅದು ಹಳೆಯ ಬಂಡಿದಾರಿಯಾಗಿದ್ದರೆ ಅದರ ಎರಡೂ ಬದಿಯ ಹಿಡುವಳಿ ಹೊಲಗಳೇ ನಿಮಗೆ ಬೇಕಾದವು.

ಸರ್ವೆ ಆಫ್ ಇಂಡಿಯಾದ 1:50,000 ಹಾಳೆಯಲ್ಲಿ ಪಾಳು ಕೋಟೆ, ಗುಡಿ, ಬಾವಿಯ ಗುರುತುಗಳಿವೆ. ಒಂದು ಅಂಗುಲಕ್ಕೆ ಒಂದು ಮೈಲಿಯ ಹಳೆಯ ಹಾಳೆ ಯಾವುದಾದರೂ ಗ್ರಂಥಾಲಯದಲ್ಲಿ ಸಿಕ್ಕರೆ ಅಣೆಕಟ್ಟು, ನಾಲೆ ಬರುವ ಮುಂಚಿನ ದಾರಿಗಳು ಕಾಣುತ್ತವೆ. ಗೂಗಲ್ ಅರ್ಥ್‌ನ ಹಳೆಯ ಚಿತ್ರಗಳಲ್ಲಿ ಮಾರ್ಚಿಯಿಂದ ಮೇವರೆಗಿನವನ್ನೇ ಆರಿಸಿ, ಬೆಳೆ ಇಲ್ಲದ ನೆಲದಲ್ಲಿ ಹಾಳೂರಿನ ಬೂದು ಮಣ್ಣು ಸುತ್ತಲಿನ ಕೆಂಪಿನಿಂದ ಬೇರೆಯಾಗಿ ತೋರುತ್ತದೆ.

ಬರಿಗೈಯಲ್ಲಿ ಹೊಲ ಸುತ್ತುವುದು

ಮೊದಲ ಭೇಟಿಗೆ ಯಂತ್ರ ಬೇಡ. ಉಳುಮೆಯಾಗಿ ಒಂದು ಹದ ಮಳೆ ಬಿದ್ದ ಮೇಲೆ ಬೆಳಗ್ಗೆ ಹೋಗಿ. ಮಳೆ ಮಣ್ಣು ತೊಳೆದಿರುತ್ತದೆ, ಬೋಕಿ (ಮಡಕೆಯ ಚೂರು), ಬಳೆಚೂರು, ಹಂಚಿನ ತುಂಡು ಎದ್ದು ಕಾಣುತ್ತವೆ. ಎರಡೆರಡು ಮೀಟರ್ ಬಿಟ್ಟು ಸಾಲಾಗಿ ನಡೆಯಿರಿ. ಏನನ್ನೂ ಎತ್ತಿಕೊಳ್ಳಬೇಡಿ, ಎಲ್ಲಿ ದಟ್ಟವಾಗಿದೆ ಎಂದು ಮಾತ್ರ ಗುರುತಿಸಿ. ದಿಶಾಂಕ್ ಆ್ಯಪ್ ನೀವು ನಿಂತ ಸರ್ವೆ ನಂಬರು ತೋರಿಸುತ್ತದೆ, ಆದರೆ ಮೊಬೈಲಿನ ಜಿಪಿಎಸ್ ಐದು, ಹತ್ತು ಮೀಟರ್ ತಪ್ಪುವುದು ಸಾಮಾನ್ಯ. ಗಡಿಯ ಹತ್ತಿರ ಬಾಂದುಕಲ್ಲನ್ನೇ ನಂಬಿ.

ಇಲ್ಲಿ ಮೂರು ಮೋಸಗಳಿವೆ. ಹಾಳೂರಿನ ಬೂದು ಮಣ್ಣನ್ನೂ ಕೆರೆಯ ಹೂಳನ್ನೂ ಗೊಬ್ಬರಕ್ಕೆಂದು ಗಾಡಿಗಟ್ಟಲೆ ಹೊಲಕ್ಕೆ ಹೊಡೆಯುವ ರೂಢಿ ಹಳೆಯದು. ನಿಮ್ಮ ಹೊಲದ ಬೋಕಿ ಎರಡು ಮೈಲಿ ಆಚೆಯದಿರಬಹುದು. ರೈತರನ್ನು ಕೇಳಿದರೆ ಒಂದೇ ಮಾತಿನಲ್ಲಿ ತಿಳಿಯುತ್ತದೆ. ಎರಡನೆಯದು ಹಗೇವು. ನೆಲ ‘ಡೊಳ್ಳು’ ಎನ್ನುತ್ತದೆ, ಕೆಳಗೆ ಕೋಣೆ ಇದೆ ಎಂಬ ಕಥೆಗಳಲ್ಲಿ ಹೆಚ್ಚಿನವು ರಾಗಿ, ಜೋಳ ತುಂಬುತ್ತಿದ್ದ ನೆಲದೊಳಗಿನ ಹಗೇವುಗಳೇ. ಮುಚ್ಚಿದ ಹಗೇವಿಗೆ ಇಳಿಯಲೇಬೇಡಿ, ಒಳಗೆ ಉಸಿರಾಡುವ ಗಾಳಿ ಇಲ್ಲದೆ ಜನ ಸತ್ತಿದ್ದಾರೆ. ಮೂರನೆಯದು ಮೋರಿಯರ ಮನೆ, ಪಾಂಡವರ ಗುಡಿ ಎಂದು ಕರೆಯುವ ಕಲ್ಚಪ್ಪಡಿಯ ಗೂಡುಗಳು, ಹಿರೇಬೆಣಕಲ್ಲಿನಲ್ಲಿರುವಂಥವು. ಕುಳ್ಳ ಮೋರಿಯರು ಹೊನ್ನು ಬಚ್ಚಿಟ್ಟರು ಎಂಬ ಕಥೆ ಅವಕ್ಕಿದೆ. ಅವು ಕಬ್ಬಿಣ ಯುಗದ ಸಮಾಧಿಗಳು. ಒಳಗೆ ಸಿಗುವುದು ಮೂಳೆ, ಮಡಕೆ, ಕಬ್ಬಿಣ. ಕದಲಿಸಿದರೆ ಇತಿಹಾಸ ಹೋಯಿತು, ಕೈಗೆ ಏನೂ ಬರಲಿಲ್ಲ.

ಯಂತ್ರ ಇಳಿಸುವುದು

ತೀರಾ ಕಡಿಮೆ ಆವರ್ತನದ, ಅಂದರೆ ಐದರಿಂದ ಇಪ್ಪತ್ತು ಕಿಲೋಹರ್ಟ್ಜ್‌ನ ವಿಎಲ್‌ಎಫ್ ಯಂತ್ರ, ಇಲ್ಲವೇ ಹಲವು ಆವರ್ತನ ಒಟ್ಟಿಗೆ ಬಳಸುವುದು, ಒಂಬತ್ತರಿಂದ ಹನ್ನೊಂದು ಅಂಗುಲದ ಕಾಯಿಲ್ (ನೆಲದ ಮೇಲೆ ಬೀಸುವ ದುಂಡು ತಟ್ಟೆ), ಗುಂಡಿಯೊಳಗೆ ನಿಖರ ಜಾಗ ತೋರಿಸುವ ಒಂದು ಪಿನ್‌ಪಾಯಿಂಟರ್, ಚಿಕ್ಕ ಕುಡುಗೋಲು ಅಥವಾ ಕೈಗುದ್ದಲಿ. ಒಂದು ಕಾಸಿನ ಗಾತ್ರದ ವಸ್ತು 15ರಿಂದ 25 ಸೆಂಟಿಮೀಟರ್ ಆಳದವರೆಗೆ ಕೇಳಿಸುತ್ತದೆ, ಆದರೆ ನೇಗಿಲ ಆಳದ 15ಕ್ಕಿಂತ ಕೆಳಗಿನದು ನಿಮ್ಮ ಕೆಲಸವಲ್ಲ. ಮೂವತ್ತು ಅಡಿ ಆಳದ ಚಿನ್ನ, ಎರಡು ಕಿಲೋಮೀಟರ್ ದೂರದ ಚಿನ್ನ ತೋರಿಸುತ್ತೇನೆ ಎನ್ನುವ ಆಂಟೆನಾ ಕಡ್ಡಿಯ ಯಂತ್ರಗಳು ಶುದ್ಧ ಮೋಸ. ಅಂಜನ ಹಾಕುವವರಿಗೂ ಅವಕ್ಕೂ ವ್ಯತ್ಯಾಸವಿಲ್ಲ.

ಜಾಗವನ್ನು ಗುಂಟೆ ಲೆಕ್ಕದಲ್ಲಿ ಹಂಚಿ. ಒಂದು ಗುಂಟೆ 33 ಅಡಿ ಚೌಕ, ಹತ್ತಿರ ಹತ್ತಿರ 10 ಮೀಟರ್. ನಾಲ್ಕು ಮೂಲೆಗೆ ಗೂಟ, ಸುತ್ತ ಹುರಿ. 1.2 ಮೀಟರ್ ಅಗಲದ ಓಣಿ ಹಿಡಿದು ಹೋದರೆ ಎಂಟೊಂಬತ್ತು ಓಣಿ. ಕಾಯಿಲ್ ನೆಲಕ್ಕೆ ಸಮಾಂತರವಾಗಿ, ಪ್ರತಿ ಬೀಸು ಹಿಂದಿನದರ ಅರ್ಧಕ್ಕೆ ಹತ್ತುವಂತೆ. ಅಗೆಯದೆ ಸುತ್ತಲು ಅರ್ಧ ಗಂಟೆಗೆ ಮೇಲೆ ಬೇಕು. ಹತ್ತು ನಿಮಿಷದಲ್ಲಿ ಮುಗಿಸಿದವರು ಗುಂಟೆಯ ಅರ್ಧವನ್ನು ನೋಡೇ ಇಲ್ಲ.

ನಮ್ಮ ನೆಲವೇ ಯಂತ್ರಕ್ಕೆ ದೊಡ್ಡ ತೊಂದರೆ. ಕೆಂಪು ಮಣ್ಣು, ಜಂಬಿಟ್ಟಿಗೆ ಕಬ್ಬಿಣಾಂಶ ತುಂಬಿದವು. ಗ್ರೌಂಡ್ ಬ್ಯಾಲೆನ್ಸ್ (ಮಣ್ಣಿನ ಸದ್ದು ಅಡಗಿಸುವ ಹೊಂದಾಣಿಕೆ) ಮಾಡದೆ ಹೋದರೆ ಯಂತ್ರ ಎಲ್ಲೆಲ್ಲೂ ಕಿರುಚುತ್ತದೆ. ಲೋಹವಿಲ್ಲದ ಒಂದು ಅಡಿ ಜಾಗ ಹುಡುಕಿ, ಕಾಯಿಲನ್ನು ನೆಲದಿಂದ ಒಂದು ಅಡಿಯವರೆಗೆ ಎತ್ತಿ ಇಳಿಸುತ್ತ ಸದ್ದು ಸಮವಾಗುವವರೆಗೆ ಸರಿಹೊಂದಿಸಿ. ಮಣ್ಣಿನ ಬಣ್ಣ ಬದಲಾದಾಗಲೆಲ್ಲ ಮತ್ತೆ ಮಾಡಿ. ಸೂಕ್ಷ್ಮತೆಯನ್ನು ಏರಿಸುವ ಬದಲು ಇಳಿಸಿ, ಗದ್ದಲ ಕಡಿಮೆಯಾದರೆ ಆಳ ಹೆಚ್ಚೇ ಸಿಗುತ್ತದೆ. ಎರೆಮಣ್ಣಿನಲ್ಲಿ ಬೇರೆ ಕತೆ: ಬೇಸಿಗೆಯಲ್ಲಿ ಬಿರುಕು ಬಿಟ್ಟಾಗ ಕಾಸು ಬಿರುಕಿನೊಳಗೆ ಜಾರಿ ಆಳಕ್ಕೆ ಹೋಗುತ್ತದೆ, ಆದ್ದರಿಂದ ಅಲ್ಲಿ ಕಡಿಮೆ ಸಿಕ್ಕಿತೆಂದು ಜಾಗ ತಪ್ಪು ಎಂದು ತಿಳಿಯಬೇಡಿ. ಪಂಪ್‌ಸೆಟ್ ತಂತಿಯ ಕೆಳಗೆ ಯಂತ್ರ ತೊದಲಿದರೆ ಆವರ್ತನ ಬದಲಿಸಿ, ಇಲ್ಲವೇ ಕರೆಂಟು ಹೋಗುವ ಹೊತ್ತಿಗೆ ಕಾಯಿರಿ.

ಬುಕಾನನ್ ಬರೆದ ಕಬ್ಬಿಣದ ಒಲೆಯ ಜಾಗವಾಗಿದ್ದರೆ ನೆಲದ ತುಂಬ ಕಿಟ್ಟ ಇರುತ್ತದೆ, ಯಂತ್ರ ನಿಲ್ಲಿಸದೆ ಕೂಗುತ್ತದೆ. ಕಪ್ಪು, ಭಾರ, ಗುಳ್ಳೆಗುಳ್ಳೆಯಾದ ಕಲ್ಲು ಕಂಡರೆ ಅದು ಕಿಟ್ಟ. ಅಲ್ಲಿ ಹುಡುಕದೆ ನೂರು ಹೆಜ್ಜೆ ಸರಿಯಿರಿ. ಕಮ್ಮಾರರ ಮನೆಗಳು ಒಲೆಯ ಮಗ್ಗುಲಲ್ಲೇ ಇದ್ದಿರಬೇಕೆಂದಿಲ್ಲ.

ಬೇರೆ ಕಡೆ ಹೆಚ್ಚಾಗಿ ಸಿಗುವುದು ಎತ್ತಿನ ಲಾಳ, ಮೊಳೆ, ಗಾಡಿಯ ಹಳಿಯ ತುಂಡು, ಗುಟ್ಕಾ ಚೀಟಿ. ಲಾಳಗಳು ಸಾಲಾಗಿ ಸಿಕ್ಕರೆ ಖುಷಿಪಡಿ, ಹಳೆಯ ದಾರಿ ಸಿಕ್ಕಿದೆ ಎಂದರ್ಥ. ಗುಟ್ಕಾ ಚೀಟಿಯ ಫಾಯಿಲ್ ಸದ್ದು ಬೇಡವೆಂದು ಅದನ್ನು ಯಂತ್ರದಲ್ಲಿ ಮುಚ್ಚಿಬಿಟ್ಟರೆ ಹಣ ಎಂಬ ಪುಟಾಣಿ ಚಿನ್ನದ ನಾಣ್ಯವೂ ಮುಚ್ಚಿಹೋಗುತ್ತದೆ. ಅದು ಅರ್ಧ ಗ್ರಾಮಿಗೂ ಕಡಿಮೆ ತೂಕದ್ದು. ಮೈಸೂರಿನ ಕಡೆ ಸಾಮಾನ್ಯವಾಗಿ ನಿರೀಕ್ಷಿಸಬೇಕಾದದ್ದು ತಾಮ್ರ: ಆನೆಯ ಚಿತ್ರದ ಟಿಪ್ಪು ಕಾಲದ ಕಾಸು, ಮುಮ್ಮಡಿ ಕೃಷ್ಣರಾಜ ಒಡೆಯರ ಮಯಿಲಿ ಕಾಸು, ಈಸ್ಟ್ ಇಂಡಿಯಾ ಕಂಪನಿಯ 1835ರ ಕಾಲಾಣೆ.

ಸಿಕ್ಕಿದ ಮೇಲೆ

ಹುಣಸೆಹಣ್ಣು ಹಚ್ಚಿ ಉಜ್ಜಬೇಡಿ. ಮನೆಯ ತಾಮ್ರದ ಬಿಂದಿಗೆಗೆ ಸರಿ, ನಾಣ್ಯಕ್ಕೆ ಅದು ವಿಷ. ಹಸಿರು ಪದರದ ಜೊತೆ ಅಕ್ಷರವೂ ಹೋಗುತ್ತದೆ. ಒಣಗಿದ ಮೇಲೆ ಮೆತ್ತನೆಯ ಬ್ರಷ್ಷಿನಿಂದ ಸಡಿಲ ಮಣ್ಣು ತೆಗೆದು ಕಾಗದದ ಲಕೋಟೆಯಲ್ಲಿಡಿ, ಪ್ಲಾಸ್ಟಿಕ್ ಬೇಡ, ಒಳಗೆ ಬೆವರುತ್ತದೆ. ಲಕೋಟೆಯ ಮೇಲೆ ಸರ್ವೆ ನಂಬರು, ಗುಂಟೆ, ಆಳ, ದಿನ.

ಒಂದೇ ಕಡೆ ಎರಡು ಮೂರು ನಾಣ್ಯ ಒಟ್ಟಿಗೆ, ಮಡಕೆಯ ಬಾಯಿ, ತಾಮ್ರದ ಪಾತ್ರೆಯ ಅಂಚು, ಕಟ್ಟಿದ ಕಲ್ಲಿನ ಸಾಲು, ಮೂಳೆ, ವಿಗ್ರಹ ಕಂಡರೆ ಕೈ ನಿಲ್ಲಿಸಿ. ಎತ್ತಿ ನೋಡುವ ಆಸೆ ತಡೆಯುವುದು ಕಷ್ಟವೆಂದು ಗೊತ್ತು, ಆದರೂ ತಡೆಯಿರಿ. ಗಡಿಗೆಯೊಳಗೆ ನಾಣ್ಯಗಳು ಯಾವ ಕ್ರಮದಲ್ಲಿವೆ, ಸುತ್ತ ಬೂದಿಯಿದೆಯೋ ಬಟ್ಟೆಯ ಎಳೆಯಿದೆಯೋ ಎನ್ನುವುದರಿಂದಲೇ ಹೂತವರು ಯಾರು ಎಂದು ತಿಳಿಯುವುದು. ಬೆಂಗಳೂರಿನ ಯಶವಂತಪುರದಲ್ಲಿ 1891ರಲ್ಲಿ ರೈಲುದಾರಿಯ ಕೆಲಸದಲ್ಲಿ 163 ರೋಮನ್ ಬೆಳ್ಳಿ ನಾಣ್ಯಗಳು ಸಿಕ್ಕವು. ಅವು ಒಂದೇ ಗಂಟಾಗಿ ದಾಖಲಾದದ್ದರಿಂದ ಇಂದಿಗೂ ನಮಗೆ ಮಾತನಾಡುತ್ತವೆ. ಚಿಲ್ಲರೆಯಾಗಿ ಅಕ್ಕಸಾಲಿಗರ ಅಂಗಡಿಗೆ ಹೋಗಿದ್ದರೆ ಬೆಳ್ಳಿಯ ಬೆಲೆಯಷ್ಟೇ.

ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ನಾಲ್ಕು ದಿಕ್ಕಿನಿಂದ ಫೋಟೋ ತೆಗೆಯಿರಿ, ಒದ್ದೆ ಗೋಣಿಚೀಲ ಹೊದಿಸಿ, ಒಬ್ಬರು ಅಲ್ಲೇ ಇರಿ. ಇನ್ನೊಬ್ಬರು ಜಮೀನಿನ ಮಾಲೀಕರೊಂದಿಗೆ ಠಾಣೆಗೂ ತಹಶೀಲ್ದಾರರಿಗೂ ತಿಳಿಸಿ. ಜಿಲ್ಲಾಧಿಕಾರಿಗೆ ಬರೆಯುವ ಪತ್ರದಲ್ಲಿ ಸಿಕ್ಕಿದ್ದು ಏನು, ಅಂದಾಜು ಎಷ್ಟು, ಎಲ್ಲಿ, ಯಾವ ದಿನ, ಈಗ ಎಲ್ಲಿದೆ ಎಂಬ ಐದು ವಿಷಯ ಇರಲಿ. ಒಂದು ಪ್ರತಿ ಪುರಾತತ್ವ, ಸಂಗ್ರಹಾಲಯಗಳು ಮತ್ತು ಪರಂಪರೆ ಇಲಾಖೆಗೆ, ಒಂದು ಸ್ವೀಕೃತಿ ಮುದ್ರೆಯೊಂದಿಗೆ ನಿಮಗೆ. ಇಲಾಖೆಯವರು ಬರುವವರೆಗೆ ವಾಟ್ಸಾಪಿನಲ್ಲಿ ಒಂದು ಫೋಟೋವೂ ಹೋಗಬಾರದು. ಸಂಜೆ ಫೋಟೋ ಹರಿದಾಡಿದರೆ ರಾತ್ರಿ ಹೊಲದಲ್ಲಿ ಜೆಸಿಬಿ ಇರುತ್ತದೆ.

ಈ ಕೆಲಸಕ್ಕೆ ಇಳಿದಿದ್ದೀರೆಂದು ತಿಳಿದರೆ ನಿಮ್ಮನ್ನೂ ಹುಡುಕಿಕೊಂಡು ಬರುವವರಿದ್ದಾರೆ. ಪಾಯ ತೋಡುವಾಗ ಸಿಕ್ಕಿತೆಂದು ಅರ್ಧ ಬೆಲೆಗೆ ಚಿನ್ನದ ನಾಣ್ಯ ಕೊಡುವವರು ಮೊದಲು ಒಂದು ಅಸಲಿ ತೋರಿಸುತ್ತಾರೆ, ಆಮೇಲೆ ಚೀಲ ತುಂಬ ಹಿತ್ತಾಳೆ. ಅಕ್ಕಿ ಸೆಳೆಯುತ್ತದೆಂದು ಹೇಳುವ ರೈಸ್ ಪುಲ್ಲಿಂಗ್ ಪಾತ್ರೆ, ಎರಡು ತಲೆ ಹಾವು ಎನ್ನುವವರೂ ಇದೇ ಸಾಲಿನವರು. ಆ ಹಾವು ಬಡಪಾಯಿ ಮಣ್ಣುಮುಕ್ಕ, ಹಿಡಿದರೆ ವನ್ಯಜೀವಿ ಕಾಯ್ದೆಯ ಕೇಸು. ಯಾರಾದರೂ ಬಲಿಯ ಮಾತೆತ್ತಿದರೆ, ಕೋಳಿಯದಾಗಲಿ ಕೂಸಿನದಾಗಲಿ, ಆ ಕ್ಷಣವೇ ಪೊಲೀಸರಿಗೆ ತಿಳಿಸಿ. ನಿಧಿಗಾಗಿ ಅಮಾನುಷ ಆಚರಣೆ ಮಾಡುವುದು ಕರ್ನಾಟಕದ 2017ರ ಕಾಯ್ದೆಯ ಪ್ರಕಾರ ಅಪರಾಧ.

ಏನೂ ಸಿಗದ ಗುಂಟೆಯನ್ನೂ ನಕ್ಷೆಯಲ್ಲಿ ಬಣ್ಣ ಹಾಕಿ ತುಂಬಿ, ಯಾವ ತಿಂಗಳು, ಯಾವ ಹದದ ಮಣ್ಣಿನಲ್ಲಿ ನೋಡಿದಿರಿ ಎಂದು ಬರೆಯಿರಿ. ಕಥೆಗಳ ಪುಟಗಳು, ಶಾಸನದ ಚತುಸ್ಸೀಮೆ, ಹೊಲದ ಹೆಸರುಗಳು ಎಲ್ಲ ಒಂದೇ ಕಡತದಲ್ಲಿರಲಿ, ಅದರ ನಕಲೊಂದು ಊರಿನ ಗ್ರಂಥಾಲಯಕ್ಕೂ ಹೋಗಲಿ. ಹೊಲದ ಹೆಸರು ಹೇಳಿದವರ ಮನೆಗೆ ಗ್ರಾಮ ನಕ್ಷೆಯ ಒಂದು ದೊಡ್ಡ ಪ್ರತಿ ಒಯ್ದು ಅವರು ಹೇಳಿದ ಹೆಸರುಗಳನ್ನು ಅವರೆದುರೇ ಅದರ ಮೇಲೆ ಬರೆಯಿರಿ. ಮೊದಲ ಸಲ ಮರೆತಿದ್ದ ಹತ್ತು ಹೆಸರುಗಳು ಆಗ ಹೊರಗೆ ಬರುತ್ತವೆ.